ಬಾಗಿಲಲ್ಲಿ ಮೇಯರ್, ರಂಗದ ಮೇಲೆ ತಾರೆಯರು: 1929ರ ಒಂದು ಹಾಸ್ಯಚಿತ್ರ ಮತ್ತು ಅದರ ಮಾಸಿದ ಪ್ರತಿ

ಪ್ರಶ್ನೆ: ಮೈಸೂರಿನಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಮ್ಮೆ ಹಳೆಯ ಚಲನಚಿತ್ರಗಳನ್ನು ನೋಡುತ್ತೇವೆ. ವಾಕ್ಚಿತ್ರಗಳ ಆರಂಭಕಾಲದ ಹಾಸ್ಯದ ಸರಣಿಗೆಂದು ಅಮೆರಿಕದ ‘ಗ್ಲೋರಿಫೈಯಿಂಗ್ ದಿ ಅಮೆರಿಕನ್ ಗರ್ಲ್’ (1929) ಚಿತ್ರವನ್ನು ಆರಿಸಿಕೊಂಡೆವು. ಅಂತರ್ಜಾಲದಲ್ಲಿ ಉಚಿತವಾಗಿ ಸಿಕ್ಕ ಪ್ರತಿಯನ್ನು ಮೊದಲು ನಾವು ನಾಲ್ವರು ನೋಡಿ ನಿರಾಶರಾದೆವು. ಚಿತ್ರವೆಲ್ಲ ಬೂದಿಬಣ್ಣ, ಹಲವೆಡೆ ನಟರ ತಲೆಗಳೇ ಕತ್ತರಿಸಿವೆ, ಸಂಭಾಷಣೆಯ ಹಿಂದೆ ಒಂದೇ ಸಮನೆ ಸುಯ್ಯೆನ್ನುವ ಸದ್ದು. ಹಾಸ್ಯಚಿತ್ರವೆಂದು ಓದಿದ್ದೆವು, ನಗು ಮಾತ್ರ ಬರಲಿಲ್ಲ. ಕೊನೆಯ ಭಾಗದಲ್ಲಿ ನಾಟಕಶಾಲೆಯ ಬಾಗಿಲಿಗೆ ನ್ಯೂಯಾರ್ಕಿನ ಗಣ್ಯರು ಬರುವ ದೃಶ್ಯವನ್ನು ವಾರ್ತಾಚಿತ್ರಗಳಿಂದ ಕತ್ತರಿಸಿ ಅಂಟಿಸಿದ್ದಾರೆಂದು ಒಬ್ಬರ ವಾದ. ಈ ಚಿತ್ರಕ್ಕೆ ಮೊದಲು ಬಣ್ಣವಿತ್ತಂತೆ, ನಿಜವೇ? ಸದಸ್ಯರೊಬ್ಬರ ಮಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿಕೊಡುವುದಾಗಿ ಹೇಳುತ್ತಿದ್ದಾನೆ. ಹೆಣ್ಣುಮಕ್ಕಳನ್ನು ಗೊಂಬೆಗಳಂತೆ ಸಾಲಾಗಿ ನಿಲ್ಲಿಸಿದ ಚಿತ್ರವನ್ನು ಏಕೆ ತೋರಿಸಬೇಕೆಂದು ನಮ್ಮ ಕೆಲವು ಸದಸ್ಯೆಯರು ಕೇಳುತ್ತಿದ್ದಾರೆ. ಪೂರ್ತಿ ತೋರಿಸಬೇಕೇ, ಕೊನೆಯ ಭಾಗವಷ್ಟೇ ಸಾಕೇ, ಕೈಬಿಡುವುದೇ ಒಳ್ಳೆಯದೇ? ಕಾನೂನಿನ ತೊಡಕೇನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಅನುಮಾನ ಒಂದೇ ಎಂದು ನನಗೆ ತೋರುತ್ತದೆ. ಚಿತ್ರವೇ ಕಳಪೆಯೋ, ಅಥವಾ ನಿಮ್ಮ ಕೈಗೆ ಬಂದ ಪ್ರತಿ ಕಳಪೆಯೋ? ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಚಿತ್ರದ ಯಾವ ಭಾಗಕ್ಕೆ ನಿಜವಾದ ಬೆಲೆಯಿದೆಯೋ ಸರಿಯಾಗಿ ಆ ಭಾಗವನ್ನೇ ನಿಮ್ಮ ಪ್ರತಿ ಹೆಚ್ಚು ಹಾಳುಮಾಡಿದೆ. ಕತೆಯ ಮಟ್ಟಿಗೆ ಇದು ಸಾಧಾರಣ ಚಿತ್ರ. ನ್ಯೂಯಾರ್ಕಿನ ಒಂದು ಕಾಲದ ರಾತ್ರಿಜೀವನವನ್ನು ಅದರ ಸ್ವಂತ ಧ್ವನಿಯಲ್ಲಿ ಹಿಡಿದಿಟ್ಟ ದಾಖಲೆಯಾಗಿ ನೋಡಿದರೆ ಇದಕ್ಕೆ ಸಾಟಿಯಾಗುವ ಚಿತ್ರಗಳು ಬಹಳ ಇಲ್ಲ.

ಮೊದಲು ಪ್ರತಿಯ ವಿಚಾರ. ಈ ಚಿತ್ರದ ವೈಭವದ ದೃಶ್ಯಗಳನ್ನು ಅಂದಿನ ಎರಡು ಬಣ್ಣಗಳ ಟೆಕ್ನಿಕಲರ್ ಪದ್ಧತಿಯಲ್ಲಿ ತೆಗೆದಿದ್ದರು. ಉಳಿದದ್ದು ಕಪ್ಪು-ಬಿಳುಪು. 1950ರ ದಶಕದಲ್ಲಿ ಇಂಥ ಹಳೆಯ ಚಿತ್ರಗಳು ಅಮೆರಿಕದ ಟಿವಿಗೆ ಹೋದಾಗ ನೋಡುಗರ ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪಿನ ಪೆಟ್ಟಿಗೆಗಳೇ ಆದ್ದರಿಂದ ಬಣ್ಣದ ಭಾಗಗಳನ್ನೂ ಕಪ್ಪು-ಬಿಳುಪಿನಲ್ಲೇ ಪ್ರಿಂಟು ಹಾಕಿಸುವುದು ರೂಢಿಯಾಗಿತ್ತು. ನೀವು ನೋಡಿದ್ದು ಅಂಥ ಒಂದು ಪ್ರಿಂಟಿನ ಪ್ರತಿಯ ಪ್ರತಿ. ಬಣ್ಣಕ್ಕೆಂದೇ ಜೋಡಿಸಿದ ಬೆಳಕನ್ನು, ಉಡುಪನ್ನು, ರಂಗಸಜ್ಜಿಕೆಯನ್ನು ಬೂದಿಬಣ್ಣಕ್ಕೆ ಇಳಿಸಿದಾಗ ಮುಂದಿನ ಸಾಲಿನ ನರ್ತಕಿಗೂ ಹಿಂದಿನ ಪರದೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಚಿತ್ರ ಚಪ್ಪಟೆಯಾಗಿ ಕಂಡದ್ದಕ್ಕೆ ಇದೇ ಮುಖ್ಯ ಕಾರಣ.

ತಲೆಗಳು ಕತ್ತರಿಸಿರುವುದಕ್ಕೆ ಕಾರಣ ಬೇರೆ. ಮೂಕಿಚಿತ್ರಗಳ ಕಾಲದಲ್ಲಿ 35 ಮಿಲಿಮೀಟರ್ ಫಿಲ್ಮಿನ ರಂಧ್ರಸಾಲುಗಳ ನಡುವಿನ ಅಗಲವೆಲ್ಲ ಚಿತ್ರಕ್ಕೇ ಮೀಸಲಾಗಿತ್ತು. ಧ್ವನಿಯನ್ನು ಫಿಲ್ಮಿನ ಮೇಲೆಯೇ ಮುದ್ರಿಸಲು ಆರಂಭಿಸಿದಾಗ ಒಂದು ಅಂಚಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಜಾಗವನ್ನು ಧ್ವನಿಪಟ್ಟಿಗೆ ಬಿಟ್ಟುಕೊಡಬೇಕಾಯಿತು. ಎತ್ತರ ಹಾಗೆಯೇ ಉಳಿದು ಅಗಲ ಮಾತ್ರ ಕುಗ್ಗಿದ್ದರಿಂದ ಚೌಕಟ್ಟು ಹೆಚ್ಚುಕಡಿಮೆ ಚೌಕವೇ ಆಯಿತು: ಎತ್ತರ 1 ಆದರೆ ಅಗಲ 1.19. ಹಾಲಿವುಡ್ಡು 1932ರಲ್ಲಿ 1.37ರ ಅಳತೆಗೆ ಒಪ್ಪಿಕೊಳ್ಳುವ ತನಕ ಈ ಚೌಕದ ಚಿತ್ರಗಳೇ ಹೆಚ್ಚು ಬಂದವು. ಅವನ್ನು ಆಮೇಲೆ ಅಗಲವಾದ ಚೌಕಟ್ಟಿಗೆ ಇಳಿಸಿದವರು ಮೇಲೆ ಕೆಳಗೆ ಕತ್ತರಿಸಿದರು. ಮೇಲೆ ಹೋದದ್ದು ತಲೆ, ಕೆಳಗೆ ಹೋದದ್ದು ನರ್ತಕಿಯರ ಪಾದ. ಕುಣಿತದ ಚಿತ್ರದಲ್ಲಿ ಪಾದವೇ ಕಾಣದಿದ್ದರೆ ಏನು ಉಳಿಯಿತೆಂದು ನೀವೇ ಯೋಚಿಸಿ.

ಇಷ್ಟು ಕೆಟ್ಟ ಪ್ರತಿಗಳು ಇಷ್ಟೊಂದು ಹರಡಿದ್ದೇಕೆ? ಆಗಿನ ಅಮೆರಿಕದ ಕಾನೂನಿನಂತೆ ಕೃತಿಸ್ವಾಮ್ಯವನ್ನು 28 ವರ್ಷಗಳ ನಂತರ ನವೀಕರಿಸಬೇಕಿತ್ತು. ಈ ಚಿತ್ರದ ಮಟ್ಟಿಗೆ ಯಾರೂ ಅದನ್ನು ಮಾಡಲಿಲ್ಲ. ಹಕ್ಕು ಬಿದ್ದುಹೋದ ಚಿತ್ರವನ್ನು ಯಾರು ಬೇಕಾದರೂ ಮಾರಬಹುದಾದ್ದರಿಂದ ಅಗ್ಗದ ವಿಡಿಯೊ ಕಂಪನಿಗಳೆಲ್ಲ ಅದನ್ನು ನಕಲು ಮಾಡಿದವು, ನಕಲಿನಿಂದ ಮತ್ತೆ ನಕಲು ತೆಗೆದವು. ಮೂಲ ನೆಗೆಟಿವನ್ನು ಹುಡುಕಿ ಹಣ ಸುರಿಯುವ ಗರಜು ಅವರಲ್ಲಿ ಯಾರಿಗೂ ಇರಲಿಲ್ಲ. ಚಿತ್ರ ಎಲ್ಲರ ಕೈಗೂ ಸಿಗುವಂತಾದದ್ದಕ್ಕೂ, ಸಿಕ್ಕದ್ದು ಹಾಳು ಸ್ಥಿತಿಯಲ್ಲಿದ್ದದ್ದಕ್ಕೂ ಕಾರಣ ಒಂದೇ. ಲಾಸ್ ಏಂಜಲಿಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಚಲನಚಿತ್ರ ಸಂಗ್ರಹಾಲಯವು ಬಣ್ಣದ ಭಾಗಗಳನ್ನೂ ಸೇರಿಸಿ ಈ ಚಿತ್ರವನ್ನು ಪುನಶ್ಚೇತನಗೊಳಿಸಿದೆ. ಇಷ್ಟಾದರೂ ಉಳಿದಿದೆ ಎಂಬುದನ್ನು ನಾವು ಹಗುರವಾಗಿ ಕಾಣಬಾರದು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಕೆಟ್ಟ ಪ್ರತಿಯಲ್ಲಿಯೂ ಇಂದು ನೋಡಲು ಸಿಗುವುದಿಲ್ಲ.

ಇನ್ನು ಗಣ್ಯರ ಪ್ರಶ್ನೆ. ವಾರ್ತಾಚಿತ್ರದ ತುಣುಕುಗಳನ್ನು ಅಂಟಿಸಿದ್ದಾರೆಂಬ ವಾದ ತಪ್ಪು. ಅವರೆಲ್ಲ ಈ ಚಿತ್ರದ ಪಾತ್ರವರ್ಗದಲ್ಲಿ ತಮ್ಮ ತಮ್ಮ ಹೆಸರಿನಲ್ಲಿಯೇ ದಾಖಲಾದವರು. ಅನುಮಾನ ಬಂದದ್ದು ಮಾತ್ರ ಸಹಜ, ಏಕೆಂದರೆ ಆ ದೃಶ್ಯವನ್ನು ಕಟ್ಟಿರುವುದೇ ವರದಿಯ ಧಾಟಿಯಲ್ಲಿ. ಕತೆಯ ಪ್ರಕಾರ ಅದು ಝೀಗ್‌ಫೆಲ್ಡ್ ಫಾಲೀಸ್ ಎಂಬ ಪ್ರಸಿದ್ಧ ರಂಗಪ್ರದರ್ಶನದ ಮೊದಲ ರಾತ್ರಿ. ನಾಟಕಶಾಲೆಯ ಬಾಗಿಲಲ್ಲಿ ರೇಡಿಯೊ ನಿರೂಪಕ ಮೈಕಿನ ಮುಂದೆ ನಿಂತಿದ್ದಾನೆ. ಆತ ನಾರ್ಮನ್ ಬ್ರೋಕನ್‌ಶೈರ್, ನಿಜಜೀವನದಲ್ಲಿಯೂ ರೇಡಿಯೊ ನಿರೂಪಕನೇ. ಅವನು ಹೆಸರು ಹೇಳುತ್ತಾ ಹೋದಂತೆ ಒಬ್ಬೊಬ್ಬರೇ ಕ್ಷಣಕಾಲ ಕಾಣಿಸಿಕೊಂಡು ಒಳಗೆ ಹೋಗುತ್ತಾರೆ. ಪ್ರದರ್ಶನದ ಒಡೆಯ ಫ್ಲಾರೆನ್ಜ್ ಝೀಗ್‌ಫೆಲ್ಡ್ ಮತ್ತು ಆತನ ಪತ್ನಿ, ನಟಿ ಬಿಲ್ಲೀ ಬರ್ಕ್. ಪ್ಯಾರಮೌಂಟ್ ಸಂಸ್ಥೆಯ ಅಡಾಲ್ಫ್ ಜುಕರ್. ಗೀತಕಾರ ಅರ್ವಿಂಗ್ ಬರ್ಲಿನ್. ಹಾಸ್ಯಲೇಖಕ ರಿಂಗ್ ಲಾರ್ಡ್‌ನರ್. ಬ್ಯಾಂಕರ್ ಆಟೊ ಕಾನ್. ನಗರದ ಮೇಯರ್ ಜಿಮ್ಮಿ ವಾಕರ್. ರಾತ್ರಿಕ್ಲಬ್ಬುಗಳ ರಾಣಿಯೆಂದು ಹೆಸರಾಗಿದ್ದ ಟೆಕ್ಸಸ್ ಗಿನನ್.

ಈ ಪಟ್ಟಿಯನ್ನು ಓದುವಾಗ ಇದು ಯಾವ ಕಾಲದ ಮಾತೆಂಬುದನ್ನು ಮರೆಯಬಾರದು. ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಮದ್ಯದ ತಯಾರಿಕೆ, ಮಾರಾಟ ಎರಡೂ ನಿಷಿದ್ಧ. ಝೀಗ್‌ಫೆಲ್ಡ್ ತಾನೇ 1915ರಲ್ಲಿ ನ್ಯೂ ಆಮ್‌ಸ್ಟರ್‌ಡ್ಯಾಮ್ ನಾಟಕಶಾಲೆಯ ಛಾವಣಿಯ ಮೇಲೆ ‘ಮಿಡ್‌ನೈಟ್ ಫ್ರಾಲಿಕ್’ ಎಂಬ ನಡುರಾತ್ರಿಯ ಪ್ರದರ್ಶನವನ್ನು ಆರಂಭಿಸಿದ್ದ. ಕೆಳಗೆ ಫಾಲೀಸ್ ಮುಗಿಸಿದ ಪ್ರೇಕ್ಷಕರು ಮೇಲೆ ಹೋಗಿ ಕುಡಿದು ಕುಣಿಯುತ್ತಿದ್ದರು. ಮದ್ಯನಿಷೇಧ ಬಂದ ಕೆಲವೇ ವರ್ಷಗಳಲ್ಲಿ ಅದು ನಿಂತಿತು. ರಾತ್ರಿಜೀವನ ನಿಲ್ಲಲಿಲ್ಲ, ನೆಲಮಾಳಿಗೆಗಳಿಗೆ ಇಳಿಯಿತು ಅಷ್ಟೇ. ಅಲ್ಲಿಗೆ ಬಂದ ಹಣವಂತರನ್ನು ‘ಹಲೋ ಸಕರ್’ ಎಂದು, ಅಂದರೆ ಬಾರಪ್ಪಾ ಪೆದ್ದೇ ಎಂದು, ಮುಖದ ಮೇಲೆಯೇ ಹಂಗಿಸಿ ಬರಮಾಡಿಕೊಳ್ಳುತ್ತಿದ್ದವಳು ಟೆಕ್ಸಸ್ ಗಿನನ್. ಅವಳ ಕ್ಲಬ್ಬುಗಳ ಮೇಲೆ ಪದೇ ಪದೇ ದಾಳಿಗಳು ನಡೆದವು. ಮದ್ಯದ ಪ್ರಕರಣವೊಂದರಲ್ಲಿ ನ್ಯಾಯಾಲಯ ಅವಳನ್ನು ಖುಲಾಸೆಗೊಳಿಸಿದ್ದು ಇದೇ 1929ರಲ್ಲಿ. ಚಿತ್ರದಲ್ಲಿ ಹಾಡುವ ಹೆಲೆನ್ ಮಾರ್ಗನ್ ಹೆಸರಿನ ಕ್ಲಬ್ಬಿನ ಮೇಲೂ ಸರ್ಕಾರದ ದಾಳಿಯಾಗಿತ್ತು, ಅವಳೂ ಅದೇ ವರ್ಷ ಖುಲಾಸೆಯಾದವಳು. ಮೇಯರ್ ವಾಕರ್ ಅಂತೂ ಕಚೇರಿಗಿಂತ ಕ್ಲಬ್ಬುಗಳಲ್ಲಿ ಹೆಚ್ಚಾಗಿ ಸಿಗುವ ಮನುಷ್ಯನೆಂದು ನಗರವೆಲ್ಲ ಆಡಿಕೊಳ್ಳುತ್ತಿತ್ತು. ಭ್ರಷ್ಟಾಚಾರದ ವಿಚಾರಣೆಗೆ ಸಿಕ್ಕಿ 1932ರಲ್ಲಿ ರಾಜೀನಾಮೆ ಕೊಟ್ಟ.

ಕಾನೂನನ್ನು ಕಾಯಬೇಕಾದ ಮೇಯರ್, ಕಾನೂನು ಮುರಿದ ಆರೋಪ ಹೊತ್ತು ಬಂದವಳು, ಇಬ್ಬರಿಗೂ ಬೇಕಾದ ಬ್ಯಾಂಕರ್ ಒಂದೇ ಹೊಸ್ತಿಲನ್ನು ದಾಟುವುದನ್ನು ಯಾರೂ ಬಚ್ಚಿಡದೆ, ಬದಲಿಗೆ ರೇಡಿಯೊದಲ್ಲಿ ಕೂಗಿ ಹೇಳುವಂತೆ, ಈ ಚಿತ್ರ ತೋರಿಸುತ್ತದೆ. ಚಿತ್ರ ತೆರೆಗೆ ಬರುವುದಕ್ಕೆ ಕೆಲವೇ ವಾರಗಳ ಮುನ್ನ, ಅಕ್ಟೋಬರಿನಲ್ಲಿ, ಷೇರುಪೇಟೆ ಕುಸಿದಿತ್ತು. ಆ ಕುಸಿತದಲ್ಲಿ ಝೀಗ್‌ಫೆಲ್ಡ್ ಬಹುಪಾಲು ಆಸ್ತಿ ಕಳೆದುಕೊಂಡ. ಚಿತ್ರ ಡಿಸೆಂಬರಿನಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಬಾಗಿಲಲ್ಲಿ ನಗುತ್ತಿರುವ ಆ ಮಂದಿಯ ಕಾಲ ಮುಗಿಯುತ್ತಾ ಬಂದಿತ್ತು. ಕತೆಗೆ ಈ ದೃಶ್ಯದಿಂದ ಕಿಂಚಿತ್ತೂ ಉಪಯೋಗವಿಲ್ಲ ಎಂಬುದು ನಿಜ, ಆದರೆ ನನ್ನನ್ನು ಕೇಳಿದರೆ ಇಡೀ ಚಿತ್ರದಲ್ಲಿ ಮೊದಲು ಉಳಿಸಿಕೊಳ್ಳಬೇಕಾದ ದೃಶ್ಯ ಇದೇ.

ಗಣ್ಯರನ್ನು ಹೀಗೆ ತಂದು ನಿಲ್ಲಿಸಿದ್ದಕ್ಕೆ ವ್ಯಾಪಾರದ ಕಾರಣಗಳೂ ಇದ್ದವು. ಚಿತ್ರೀಕರಣ ನಡೆದದ್ದು ಹಾಲಿವುಡ್ಡಿನಲ್ಲಲ್ಲ, ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದ ಪ್ಯಾರಮೌಂಟಿನ ಆಸ್ಟೋರಿಯಾ ಸ್ಟುಡಿಯೊದಲ್ಲಿ. ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿಯಾದ ಬ್ರಾಡ್‌ವೇಯಲ್ಲಿ ರಾತ್ರಿ ಅಭಿನಯಿಸುವವರನ್ನು ಹಗಲು ಅಲ್ಲಿಗೆ ಕರೆತರುವುದು ಸುಲಭವಾಗಿತ್ತು. ಫಾಲೀಸನ್ನು ನೋಡಲು ಎಂದೂ ನ್ಯೂಯಾರ್ಕಿಗೆ ಹೋಗಲಾಗದ ಸಣ್ಣ ಊರಿನವರಿಗೆ ಆ ಮುಖಗಳನ್ನು, ಆ ಕೊರಳುಗಳನ್ನು ತಲುಪಿಸುವುದೇ ವಾಕ್ಚಿತ್ರದ ಮೊದಲ ದೊಡ್ಡ ಆಕರ್ಷಣೆ. ರೇಡಿಯೊದಿಂದ ಮನೆಮಾತಾಗಿದ್ದ ರೂಡಿ ವ್ಯಾಲಿ ಕೂಡ ಈ ಲೆಕ್ಕದಲ್ಲೇ ತನ್ನ ವಾದ್ಯಗೋಷ್ಠಿಯೊಂದಿಗೆ ಬಂದುಹೋಗುತ್ತಾನೆ. ಇನ್ನೊಬ್ಬನನ್ನು ನೀವು ಗಮನಿಸಿರಲಿಕ್ಕಿಲ್ಲ. ಅಲಂಕಾರದ ದೃಶ್ಯವೊಂದರಲ್ಲಿ ಎಲೆಯೊಂದನ್ನೇ ಉಟ್ಟು ಗ್ರೀಕ್ ಪುರಾಣದ ಸುಂದರಾಂಗನಂತೆ ನಿಂತಿರುವ ಯುವಕ ಜಾನಿ ವೈಸ್‌ಮುಲ್ಲರ್. 1924 ಮತ್ತು 1928ರ ಒಲಿಂಪಿಕ್ಸ್‌ಗಳಲ್ಲಿ ಈಜಿನ ಚಿನ್ನಗಳನ್ನು ಗೆದ್ದಿದ್ದ ಅವನು ಟಾರ್ಜಾನ್ ಆಗಿದ್ದು 1932ರಲ್ಲಿ. ಇಲ್ಲಿ ಅವನಿಗೆ ಒಂದು ಮಾತೂ ಇಲ್ಲ.

ನಗು ಬರಲಿಲ್ಲವೆಂಬ ದೂರಿಗೆ ಬರುತ್ತೇನೆ. ಇದು ಸಂಗೀತ ಬೆರೆತ ಹಾಸ್ಯವೆಂದು ಪಟ್ಟಿಗಳಲ್ಲಿ ಸೇರಿದ್ದರೂ ಇದರ ಕತೆ ಹಾಸ್ಯದ್ದಲ್ಲ. ದೊಡ್ಡ ಮಳಿಗೆಯೊಂದರಲ್ಲಿ ಹಾಡುಗಳ ಸ್ವರಪ್ರತಿ ಮಾರುವ ಗ್ಲೋರಿಯಾ ಎಂಬ ಹುಡುಗಿ ಫಾಲೀಸಿನ ತಾರೆಯಾಗಲು ಹಂಬಲಿಸಿ, ಕೊನೆಗೆ ಆಗಿಯೂ ಆಗಿ, ಅದಕ್ಕೆ ಪ್ರೀತಿಯ ರೂಪದಲ್ಲಿ ಬೆಲೆ ತೆರುವ ಕತೆ. ನಿಜವಾದ ಹಾಸ್ಯವಿರುವುದು ಹಾಸ್ಯನಟ ಎಡ್ಡೀ ಕ್ಯಾಂಟರ್ ನಡೆಸಿಕೊಡುವ ಬಟ್ಟೆ ಅಂಗಡಿಯ ಪ್ರಹಸನದಲ್ಲಿ. ಕ್ಯಾಂಟರ್ ಮತ್ತು ಲೂಯಿ ಸೋರಿನ್ ಸೇರಿಕೊಂಡು, ಕೀರಲು ದನಿಯ ಗಿರಾಕಿಯಾದ ಲೂ ಹರ್ನ್‌ಗೆ ಅವನು ಬೇಡದ್ದನ್ನೆಲ್ಲ ತೊಡಿಸಿ ತಿರುಗಿಸಿ ಹಿಂಡುವ ಆಟ ಅದು. ರಂಗದ ಮೇಲೆ ನೂರಾರು ಬಾರಿ ಆಡಿ ಪಳಗಿದ ಪ್ರಹಸನ.

ಹಾಗಿದ್ದೂ ಅದು ನಿಮಗೆ ನಿಧಾನವೆನಿಸಿದ್ದು ಏಕೆಂದರೆ ಆ ನಟರು ಪ್ರತಿಯೊಂದು ನಗೆಮಾತಿನ ನಂತರವೂ ನಾಟಕಶಾಲೆಯ ರೂಢಿಯಂತೆ ಅರೆಕ್ಷಣ ತಡೆಯುತ್ತಾರೆ. ರಂಗದ ಮೇಲೆ ಆ ತಡೆಯನ್ನು ಪ್ರೇಕ್ಷಕರ ನಗು ತುಂಬುತ್ತಿತ್ತು. ಸ್ಟುಡಿಯೊದಲ್ಲಿ ನಗುವವರಿಲ್ಲ, ನಕ್ಕರೆ ಮೈಕು ಹಿಡಿದುಬಿಡುತ್ತದೆ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ನಾಲ್ವರು ಕೋಣೆಯಲ್ಲಿ ಕುಳಿತು ನೋಡಿದಾಗ ಕಿವಿಗೆ ಬೀಳುವುದು ಆ ಮೌನ ಮಾತ್ರ. ಇದೇ ಪ್ರಹಸನವನ್ನು ಐವತ್ತು ಜನ ತುಂಬಿದ ಸಭಾಂಗಣದಲ್ಲಿ ಹಾಕಿ ನೋಡಿ, ಆ ಬಿಡುವುಗಳನ್ನು ಏಕೆ ಬಿಟ್ಟಿದ್ದಾರೆಂದು ತಾನಾಗಿ ಗೊತ್ತಾಗುತ್ತದೆ. ಇಂಥ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವಾಗಲೂ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರಹಸನದ ಇಂಗ್ಲಿಷ್ ಬಹಳ ವೇಗದ್ದಾದ್ದರಿಂದ ಮೊದಲೇ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ಈ ಕಾಲದ ವಾಕ್ಚಿತ್ರಗಳಲ್ಲಿ ಕ್ಯಾಮೆರಾ ಜಡವಾಗಿರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ ಕೊಡುತ್ತಾರೆ: ಮೋಟರಿನ ಸದ್ದು ಮೈಕಿಗೆ ಕೇಳದಂತೆ ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಗಾಳಿಯಾಡದ ಗೂಡಿನೊಳಗೆ ಕೂಡಿಹಾಕುತ್ತಿದ್ದರು. ಇದು ನಿಜ, ಆದರೆ ಪೂರ್ತಿ ಸಬೂಬಲ್ಲ. ಅದೇ ವರ್ಷ, ಅದೇ ಆಸ್ಟೋರಿಯಾ ಸ್ಟುಡಿಯೊದಲ್ಲಿ, ಇದೇ ಹೆಲೆನ್ ಮಾರ್ಗನ್‌ಳನ್ನು ಇಟ್ಟುಕೊಂಡು ರೂಬೆನ್ ಮಮೂಲಿಯನ್ ‘ಅಪ್ಲಾಸ್’ ಚಿತ್ರ ಮಾಡಿದ. ಅದರಲ್ಲಿ ಕ್ಯಾಮೆರಾ ಹಟಹಿಡಿದು ಓಡಾಡುತ್ತದೆ. ನಿಮ್ಮ ಚಿತ್ರದ ನಿರ್ದೇಶಕ ಮಿಲ್ಲರ್ಡ್ ವೆಬ್‌ಗೆ ಆ ಹಟ ಇರಲಿಲ್ಲವೆಂದೇ ಹೇಳಬೇಕು. ಆದರೆ ಒಂದು ಲಾಭವಿದೆ: ಮಾರ್ಗನ್ ಹಾಡುವಾಗ ಕ್ಯಾಮೆರಾ ಅವಳನ್ನು ಬಿಟ್ಟು ಕದಲುವುದಿಲ್ಲ. ಕ್ಲಬ್ಬಿನ ಹೊಗೆಯ ನಡುವೆ ಅವಳನ್ನು ಕೇಳಿದವರು ಏಕೆ ಅಷ್ಟು ಹುಚ್ಚಾದರೆಂಬುದು ಅಲ್ಲಿ ತಿಳಿಯುತ್ತದೆ.

ಸದಸ್ಯೆಯರ ಆಕ್ಷೇಪ ನ್ಯಾಯವಾದದ್ದು, ಅದನ್ನು ಸಮಜಾಯಿಷಿ ಹೇಳಿ ತಳ್ಳಿಹಾಕಬೇಡಿ. ಚಿತ್ರದ ಶೀರ್ಷಿಕೆಯೇ ಝೀಗ್‌ಫೆಲ್ಡನ ಜಾಹೀರಾತಿನ ಘೋಷಣೆ. ಹೆಣ್ಣನ್ನು ಅಲಂಕರಿಸಿ, ಮೆಟ್ಟಿಲಮೇಲೆ ನಿಲ್ಲಿಸಿ ಮಾರುವುದೇ 1907ರಿಂದ ಅವನು ನಡೆಸಿಕೊಂಡು ಬಂದ ವ್ಯಾಪಾರ. ಆದರೂ ಕತೆಯ ಎರಡು ಎಳೆಗಳನ್ನು ಅವರ ಗಮನಕ್ಕೆ ತನ್ನಿ. ಗ್ಲೋರಿಯಾಳನ್ನು ಜೋಡಿನರ್ತಕಿಯಾಗಿ ಸೇರಿಸಿಕೊಳ್ಳುವ ಡ್ಯಾನಿ ಮಿಲ್ಲರ್ ಅವಳ ಗಳಿಕೆಯಲ್ಲಿ ಅರ್ಧ ತನಗೆ ಸಲ್ಲಬೇಕೆಂಬ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಕೊನೆಯಲ್ಲಿ, ಮೊದಲ ರಾತ್ರಿಯ ಜಯಘೋಷದ ನಡುವೆಯೇ, ತಾನು ಬಿಟ್ಟುಬಂದ ಹುಡುಗ ಬೇರೊಬ್ಬಳನ್ನು ಮದುವೆಯಾದನೆಂಬ ಸುದ್ದಿ ಅವಳಿಗೆ ತಲುಪುತ್ತದೆ. ಫಾಲೀಸನ್ನು ಹೊಗಳಲೆಂದೇ ತೆಗೆದ ಚಿತ್ರ ಹೀಗೆ ಕಹಿಯಾಗಿ ಮುಗಿಯುವುದು ನನಗೆ ಇಂದಿಗೂ ಕುತೂಹಲದ ವಿಷಯ. ಆ ಪಾತ್ರ ಮಾಡಿದ ಮೇರಿ ಈಟನ್ ತಾನೇ ಫಾಲೀಸಿನ ತಾರೆಯಾಗಿದ್ದವಳು ಎಂಬುದನ್ನೂ ತಿಳಿಸಿ.

ಕಾನೂನಿನ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನವೀಕರಣದ ಮಾತು ಹಾಗಿರಲಿ, ಅಮೆರಿಕದಲ್ಲಿ 1929ರ ಚಲನಚಿತ್ರಗಳೆಲ್ಲ 2025ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾಗಿವೆ. ಭಾರತದಲ್ಲಿ ಚಲನಚಿತ್ರದ ಕೃತಿಸ್ವಾಮ್ಯ 60 ವರ್ಷ, ಅದೂ ಎಂದೋ ಮುಗಿದಿದೆ. ಎಚ್ಚರ ಬೇಕಾದದ್ದು ಎರಡು ಕಡೆ. ಕೆಲವು ಪ್ರತಿಗಳಿಗೆ ಈಚಿನವರು ಅಡಿಬರಹವನ್ನೋ ಸಂಗೀತವನ್ನೋ ಸೇರಿಸಿರುತ್ತಾರೆ, ಅದರ ಹಕ್ಕು ಅವರದೇ. ಇನ್ನು ನಮ್ಮಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಫಿಲ್ಮ್ ಸೊಸೈಟಿಗಳ ಒಕ್ಕೂಟಕ್ಕೆ ಸೇರಿದ ಸೊಸೈಟಿಗಳು ಸದಸ್ಯರಿಗಷ್ಟೇ ತೋರಿಸಲು ವಿನಾಯಿತಿ ಪಡೆಯುತ್ತವೆ. ನಿಮ್ಮದು ನೋಂದಣಿಯಿಲ್ಲದ ಗೆಳೆಯರ ಬಳಗವಾದರೆ ಟಿಕೆಟ್ಟು, ಪತ್ರಿಕಾ ಪ್ರಕಟಣೆಗಳಿಗೆ ಕೈಹಾಕದೆ ಊರಿನ ಸೊಸೈಟಿಯೊಂದರ ಜೊತೆ ಸೇರಿ ನಡೆಸುವುದು ಲೇಸು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಪುನಶ್ಚೇತನಗೊಂಡ ಪ್ರತಿಯನ್ನು ಸಂಗ್ರಹಾಲಯದಿಂದ ತರಿಸುವುದು ಆದರ್ಶವೇನೋ ನಿಜ. ಆದರೆ ಮೂಲ ಚಿತ್ರದ ಹಕ್ಕು ಮುಗಿದಿದ್ದರೂ ಪ್ರಿಂಟು ಕೊಡುವವರ ಶುಲ್ಕ, ಷರತ್ತು, ಸಾಗಣೆಯ ವಿಮೆಗಳು ಇದ್ದೇ ಇರುತ್ತವೆ, ಮೇಲಾಗಿ 35 ಮಿಲಿಮೀಟರ್ ಪ್ರಿಂಟಾದರೆ 1.19ರ ಚೌಕಟ್ಟಿನ ಅಳತೆಗೆ ಕಿಂಡಿ ಕೊರೆದ ಪ್ಲೇಟು, ಅದಕ್ಕೆ ಹೊಂದುವ ಲೆನ್ಸು ಇರುವ ಪ್ರೊಜೆಕ್ಟರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಸಣ್ಣ ಬಳಗಕ್ಕೆ ಇದನ್ನು ನಾನು ಸೂಚಿಸಲಾರೆ. ಬಣ್ಣದ ದೃಶ್ಯಗಳಿರುವ ಪ್ರತಿ ಮಾರಾಟಕ್ಕೆ ಅಥವಾ ಅಂತರ್ಜಾಲದಲ್ಲಿ ಸಿಕ್ಕರೆ ಅದನ್ನೇ ಬಳಸಿ. ಕೊಳ್ಳುವ ಮುನ್ನ ಬಣ್ಣದ ಭಾಗ ನಿಜವಾಗಿ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಹೊದಿಕೆಯ ಮೇಲಿನ ವರ್ಣಚಿತ್ರವನ್ನು ನಂಬಬೇಡಿ.

ಕಂಪ್ಯೂಟರಿನಿಂದ ಬಣ್ಣ ತುಂಬಿಸುವುದನ್ನು ಮಾತ್ರ ಬೇಡವೆಂದು ಖಂಡಿತವಾಗಿ ಹೇಳುತ್ತೇನೆ. ಎರಡು ಬಣ್ಣಗಳ ಟೆಕ್ನಿಕಲರಿನಲ್ಲಿ ಇದ್ದದ್ದು ಕಿತ್ತಳೆಗೆ ಹತ್ತಿರದ ಕೆಂಪು ಮತ್ತು ನೀಲಿ ಬೆರೆತ ಹಸಿರು, ಇಷ್ಟೇ. ಶುದ್ಧವಾದ ನೀಲಿಯಾಗಲಿ ಹಳದಿಯಾಗಲಿ ಅದರಲ್ಲಿ ಮೂಡುತ್ತಿರಲಿಲ್ಲ. ಇದನ್ನು ಬಲ್ಲ ಉಡುಪುಗಾರರು ಆ ಮಿತಿಯೊಳಗೇ ಬಣ್ಣಗಳನ್ನು ಆರಿಸುತ್ತಿದ್ದರು. ಯಂತ್ರವು ಊಹೆಯ ಮೇಲೆ ಆಕಾಶಕ್ಕೆ ನೀಲಿ, ಕೂದಲಿಗೆ ಹೊಂಬಣ್ಣ ಬಳಿದುಕೊಡುತ್ತದೆ. ನಿಮ್ಮ ಸದಸ್ಯರು ಎಂದೂ ಇಲ್ಲದಿದ್ದ ಚಿತ್ರವೊಂದನ್ನು ನೋಡಿ ಅದೇ 1929 ಎಂದು ನಂಬಿ ಮನೆಗೆ ಹೋಗುತ್ತಾರೆ. ಆ ಹುಡುಗನ ಉತ್ಸಾಹವನ್ನು ಧ್ವನಿಯ ಕಡೆಗೆ ತಿರುಗಿಸಿ. ಅದರಲ್ಲಿಯೂ ಸದ್ದು ತೆಗೆಯುವ ಫಿಲ್ಟರನ್ನು ಮಿತಿಮೀರಿ ಹಾಕಿದರೆ ಸುಯ್ಗುಟ್ಟುವಿಕೆಯ ಜೊತೆಗೆ ಸ, ಶ ಅಕ್ಷರಗಳೂ ಹೋಗಿ ಮಾತು ನೀರೊಳಗಿಂದ ಬಂದಂತೆ ಕೇಳುತ್ತದೆ. ಟ್ರೆಬಲ್ ಸ್ವಲ್ಪ ಇಳಿಸಿ, ಸರೌಂಡ್ ಸೌಂಡ್ ಆರಿಸಿ, ಪರದೆಯ ನಡುವೆ ಒಂದೇ ಸ್ಪೀಕರಿನಿಂದ ಕೇಳಿಸಿ. ಅಂದಿನವರು ಕೇಳಿದ್ದೂ ಪರದೆಯ ಹಿಂದಿನಿಂದ, ಒಂದೇ ಧಾರೆಯಾಗಿ. ಪ್ರೊಜೆಕ್ಟರು ಚಿತ್ರವನ್ನು ಅಡ್ಡಕ್ಕೆ ಎಳೆದು ಪರದೆ ತುಂಬಿಸದಂತೆಯೂ ನೋಡಿಕೊಳ್ಳಿ, ಎರಡೂ ಬದಿ ಕಪ್ಪಗೆ ಉಳಿದರೆ ಉಳಿಯಲಿ.

ಪೂರ್ತಿ ತೋರಿಸಿದರೆ ಸುಮಾರು ಒಂದೂವರೆ ಗಂಟೆ. ಮೊದಲ ಭಾಗದಲ್ಲಿಯೇ ಜನ ಎದ್ದುಹೋಗುವ ಅಪಾಯವಿದೆ. ಕೊನೆಯ ಭಾಗವನ್ನಷ್ಟೇ ತೋರಿಸಿದರೆ ಗ್ಲೋರಿಯಾಳ ಕಣ್ಣೀರಿಗೆ ಅರ್ಥವೇ ಇರುವುದಿಲ್ಲ, ಸದಸ್ಯೆಯರ ಆಕ್ಷೇಪಕ್ಕೆ ಚಿತ್ರದೊಳಗಿಂದಲೇ ಸಿಗುವ ಉತ್ತರವೂ ತಪ್ಪಿಹೋಗುತ್ತದೆ. ಮಳಿಗೆಯ ದೃಶ್ಯವನ್ನೂ ಕರಾರಿನ ದೃಶ್ಯವನ್ನೂ ತೋರಿಸಿ, ನಡುವಿನ ಕತೆಯನ್ನು ಬಾಯಲ್ಲಿ ಹೇಳಿ, ಬಾಗಿಲಿಗೆ ಗಣ್ಯರು ಬರುವಲ್ಲಿಂದ ಮುಂದಕ್ಕೆ ತಡೆಯಿಲ್ಲದೆ ಕೊನೆಯವರೆಗೆ ಬಿಡುವುದು ನನ್ನ ಆಯ್ಕೆ. ಹೀಗೆ ಆಯ್ದು ತೋರಿಸುತ್ತಿರುವುದಾಗಿ ಆಹ್ವಾನದಲ್ಲಿಯೇ ಬರೆಯಿರಿ. ಬಾಗಿಲಿಗೆ ಬರುವವರ ಹೆಸರು ಮತ್ತು ತಲಾ ಒಂದು ಸಾಲಿನ ಪರಿಚಯವಿರುವ ಹಾಳೆಯನ್ನು ದೀಪ ಆರಿಸುವ ಮುಂಚೆಯೇ ಎಲ್ಲರ ಕೈಗೆ ಕೊಡಿ, ಏಕೆಂದರೆ ಪ್ರತಿಯೊಬ್ಬರೂ ಪರದೆಯ ಮೇಲೆ ಇರುವುದು ಕೆಲವೇ ಸೆಕೆಂಡು.